ಭಾವನ ಚೀಲ ಹೊತ್ತು ಗಾಲ್ಫ್ ಸೀಮೆಗೆ

ಧನಕವಡಿ

ಪುಣೆಗೆ ಹೋಗಿಬಂದದ್ದನ್ನು ಪರದೇಶ ಪ್ರವಾಸವೆಂದು ಕರೆದರೆ ನಮ್ಮೂರಿನ ವಾಚನಾಲಯದಲ್ಲಿ ನಗುವವರಿದ್ದಾರೆ. ದುಬೈಯಲ್ಲಿ ಮಗಳ ಮನೆಯ ಬಾಲ್ಕನಿಯಲ್ಲಿ ಎರಡು ತಿಂಗಳು ಕೂತು ಬಂದವರಿಗೆ ಅಲ್ಲಿ ಶಾಲು ಹೊದೆಸುತ್ತಾರೆ. ನನಗೆ ಆ ಭಾಗ್ಯವಿಲ್ಲ. ಆದರೂ ನನ್ನ ಪರವಾಗಿ ನಾನು ಹೇಳುವುದು ಇಷ್ಟು. ನಾನು ಹೋದ ನಾಡಿನಲ್ಲಿ ಕಡಿಮೆ ಅಂಕ ತೆಗೆದವನೇ ಮೊದಲ ರ‍್ಯಾಂಕಿನವನು. ಮರ ಎಂದು ಹೆಸರಿಟ್ಟ ಕೋಲನ್ನು ಅಲ್ಲಿ ಲೋಹದಲ್ಲಿ ಮಾಡುತ್ತಾರೆ. ತಪ್ಪು ಮಾಡಿದವನು ತಾನೇ ಓಡಿಹೋಗಿ ತನ್ನ ಮೇಲೆ ದೂರು ಕೊಡಬೇಕು. ಇಷ್ಟು ತಲೆಕೆಳಗಾದ ಜಾಗ ಪರದೇಶವಲ್ಲದಿದ್ದರೆ ಮತ್ತಾವುದು? ಆ ನಾಡಿನ ಹೆಸರು ಗಾಲ್ಫ್. ಪುಣೆಯ ಮೂಲಕ ಹೋಗಬೇಕು.

ಹೋದದ್ದು ಸ್ವಂತ ಇಚ್ಛೆಯಿಂದಲ್ಲ. ನಾನು ಕುಂದಾಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು. ನನ್ನ ಖ್ಯಾತಿ, ಅದನ್ನು ಖ್ಯಾತಿ ಎನ್ನಬಹುದಾದರೆ, ಒಂದೇ ವಿಷಯದಲ್ಲಿ: ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದು ಹೊಡೆದು ಮೀಸೆ ಬಂದವರನ್ನು ದಡ ಮುಟ್ಟಿಸುವುದು. ಬುದ್ಧಿವಂತರಿಗೆ ಪಾಠ ಹೇಳಲು ಬೇರೆ ಮಾಸ್ತರರು ಪೈಪೋಟಿ ನಡೆಸುತ್ತಿದ್ದರು. ಉಳಿದವರು ನನ್ನ ಪಾಲಿಗೆ. ಈ ಕೀರ್ತಿ ರಾಜ್ಯದ ಗಡಿ ದಾಟಿದೆ ಎಂದು ತಿಳಿದದ್ದು ಶಾರದಕ್ಕನ ಫೋನು ಬಂದಾಗ.

"ಒಮ್ಮೆ ಬಂದು ಹೋಗು ಮಾರಾಯ. ನಿನ್ನ ಭಾವನಿಗೆ ಪರೀಕ್ಷೆ ಉಂಟು."

"ಎಂತ ಪರೀಕ್ಷೆ? ರಕ್ತದ್ದಾ, ಇಸಿಜಿಯಾ?"

"ಅದಾದ್ರೆ ನಾನೇ ಕರ್ಕೊಂಡು ಹೋಗ್ತಿದ್ದೆ. ಇದು ಗಾಲ್ಫಿಂದು. ಎರಡು ಸಲ ಫೇಲಾಗಿ ಕೂತಿದ್ದಾರೆ."

"ಗಾಲ್ಫ್ ಅಂದ್ರೆ ಎಂತ ಅಂತ್ಲೇ ನಂಗೆ ಗೊತ್ತಿಲ್ಲ ಅಕ್ಕ."

"ನಿಂಗೆ ಲೆಕ್ಕವೂ ಗೊತ್ತಿರ್ಲಿಲ್ಲ. ಆದ್ರೂ ಎಷ್ಟು ಮಕ್ಕಳನ್ನು ಲೆಕ್ಕದಲ್ಲಿ ಪಾಸ್ ಮಾಡ್ಸಿದ್ದಿ! ಬಾ, ಬಾ."

ಒಡಹುಟ್ಟಿದವರ ಹತ್ತಿರ ವಾದಕ್ಕೆ ನಿಲ್ಲಬಾರದು. ಅವರಿಗೆ ದಾಖಲೆಗಳೆಲ್ಲ ಗೊತ್ತಿರುತ್ತವೆ. ನಾನು ಬಸ್ಸು ಹತ್ತಿದೆ.

ಕಾತ್ರಜದಲ್ಲಿ ಇಳಿದು ರಿಕ್ಷಾದವನಿಗೆ ಧನಕವಡಿ ಎಂದೆ. ನಮ್ಮೂರಿನಲ್ಲಿ ರಿಕ್ಷಾ ಹತ್ತಿದ ಮೇಲೆ ಜಾಗ ಹೇಳಿದರೂ ನಡೆಯುತ್ತದೆ. ಇಲ್ಲಿ ಅದೊಂದು ಸಂದರ್ಶನ. ಯಾವ ಚೌಕ, ಯಾವ ಗಲ್ಲಿ, ಯಾವ ದೇವಸ್ಥಾನದ ಬಲಕ್ಕೆ ಎಂದೆಲ್ಲ ವಿಚಾರಣೆ ನಡೆಸಿ, ನನ್ನ ಉತ್ತರ ಒಂದೂ ತೃಪ್ತಿಕರವಲ್ಲವೆಂದು ಮುಖದಲ್ಲೇ ಬರೆದುಕೊಂಡ. ಕೊನೆಗೆ ಕಾಲೇಜಿನ ಎದುರಿನ ಉಡುಪಿ ಹೋಟೆಲು, ಅದರ ಮಾಲೀಕರ ಮನೆ ಎಂದಾಗ ಗಾಡಿ ಹೊರಟಿತು.

"ತೋ ಮಾಲಕ್? ಲಯ್ ಖಡೂಸ್ ಮಾಣೂಸ್!" ಎಂದ. ಆ ಯಜಮಾನನೋ, ಮಹಾ ಸಿಡುಕ ಎಂದರ್ಥ. ಒಮ್ಮೆ ಇನ್ನೊಂದು ಬಟ್ಟಲು ಸಾಂಬಾರು ಕೇಳಿದ್ದಕ್ಕೆ, ಇಡ್ಲಿ ತಿನ್ನಲು ಬಂದದ್ದೋ ಸ್ನಾನ ಮಾಡಲು ಬಂದದ್ದೋ ಎಂದು ಕೇಳಿದ್ದರಂತೆ. ಆದರೂ ದಿನಾ ಅಲ್ಲೇ ತಿನ್ನುತ್ತಾನಂತೆ. ನನ್ನ ಭಾವನ ಪರಿಚಯವನ್ನು ಇದಕ್ಕಿಂತ ಚೊಕ್ಕವಾಗಿ ಮಾಡಿಕೊಡಲು ನನ್ನಿಂದಾಗದು.

ಭಾವನ ಹೆಸರು ಸದಾಶಿವ. ಹುಡುಗಪ್ರಾಯದಲ್ಲಿ ಊರು ಬಿಟ್ಟು, ಯಾರದೋ ಹೋಟೆಲಿನಲ್ಲಿ ರುಬ್ಬಿ, ಕೊನೆಗೆ ಸ್ವಂತದ್ದು ಕಟ್ಟಿದವರು. ಹೋದ ವರ್ಷ ಡಾಕ್ಟರು ಅವರ ಎದೆಯನ್ನು ಪರಿಶೀಲಿಸಿ, ಇನ್ನು ಗಲ್ಲಾದ ಮುಂದೆ ಕೂರುವುದು ಬೇಡ, ನಡೆಯಿರಿ ಎಂದರು. ಹೋಟೆಲನ್ನು ಮಗಳು ಶೈಲಾ ವಹಿಸಿಕೊಂಡಳು. ಕಾಗದದ ಮೇಲೆ. ನಿಜದಲ್ಲಿ ಭಾವ ಬೆಳಿಗ್ಗೆ ಎದ್ದವರೇ ಹೋಗಿ ಗಲ್ಲಾದ ಕುರ್ಚಿಯಲ್ಲಿ ಕೂರುತ್ತಿದ್ದರು. ಅವಳು ಒಂದು ಹೇಳಿದರೆ ಇವರು ಅದನ್ನು ಅಳಿಸಿ ಇನ್ನೊಂದು ಹೇಳುತ್ತಿದ್ದರು. ಅವಳು ಉಪಾಯ ಮಾಡಿ ತಳೇಗಾಂವದ ಆಚೆ ಹೊಸದಾಗಿ ತೆರೆದ ಗಾಲ್ಫ್ ಕ್ಲಬ್ಬಿಗೆ ಅಪ್ಪನನ್ನು ಸದಸ್ಯರನ್ನಾಗಿ ಮಾಡಿದಳು. ನಡಿಗೆಯೂ ಆಯಿತು, ಕುರ್ಚಿಯೂ ಖಾಲಿಯಾಯಿತು ಎಂಬ ಲೆಕ್ಕ.

ಆದರೆ ಆ ಕ್ಲಬ್ಬಿನಲ್ಲಿ ಹೊಸಬರು ಒಂದು ಪರೀಕ್ಷೆ ಪಾಸಾಗುವವರೆಗೆ ಮೈದಾನಕ್ಕೆ ಸ್ವತಂತ್ರವಾಗಿ ಇಳಿಯುವಂತಿಲ್ಲ. ಮೊದಲು ಪದಗಳೂ ನಿಯಮಗಳೂ ಬಾಯಿಪಾಠ ಒಪ್ಪಿಸಬೇಕು, ಆಮೇಲೆ ಪರೀಕ್ಷಕರ ಜೊತೆಗೂಡಿ ಆಡಿ ತೋರಿಸಬೇಕು. ಮೊದಲ ಸಲ ಭಾವ, ತಮ್ಮ ಸರದಿ ಬಂದಾಗಲೆಲ್ಲ ಕೈ ಮುಂದೆ ಚಾಚಿ "ನೀವು ಮೊದಲು, ನೀವು ಮೊದಲು" ಎಂದು ಪರೀಕ್ಷಕರನ್ನೇ ಮುಂದೆ ಕಳಿಸಿ ಫೇಲಾದರು. ಎರಡನೆಯ ಸಲ ಪರೀಕ್ಷಕರ ಚೆಂಡು ಕೆಸರಿನಲ್ಲಿ ಬಿದ್ದದ್ದನ್ನು ಕಂಡು, ಎತ್ತಿ, ಹೆಗಲ ಮೇಲಿನ ಬೈರಾಸಿನಲ್ಲಿ ಒರೆಸಿ, ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟರು. ಗಾಲ್ಫಿನಲ್ಲಿ ಬೇರೆಯವರ ಚೆಂಡು ಮುಟ್ಟುವುದು ಬೇರೆಯವರ ಎಲೆಗೆ ಕೈ ಹಾಕಿದ ಹಾಗೆ. ಆಗಲೂ ಫೇಲು.

"ಮಾಮ, ಈ ಸಲ ಫೇಲಾದ್ರೆ ಗಾಲ್ಫ್ ಸಾಕು, ವಾಪಸ್ ಗಲ್ಲಾಕ್ಕೆ ಬರ್ತೇನೆ ಅಂತ ಹೇಳಿಬಿಟ್ಟಿದ್ದಾರೆ," ಎಂದಳು ಶೈಲಾ, ನಾನು ಕೈಕಾಲು ತೊಳೆಯುವ ಮೊದಲೇ. "ಪಾಸಾದ್ರೆ ಇನ್ನು ಯಾವತ್ತೂ ಆ ಕುರ್ಚಿಯಲ್ಲಿ ಕೂರುದಿಲ್ಲ ಅಂತ ಅಮ್ಮನ ಎದುರು ಮಾತು ಕೊಟ್ಟಿದ್ದಾರೆ."

"ಫೇಲಾಗಿ ಬಂದ್ರೆ ನೀನೆಂತ ಮಾಡ್ತಿ?"

"ನಾಶಿಕದಲ್ಲಿ ಒಬ್ರು ಅವರ ಹೋಟೆಲ್ ನೋಡ್ಕೊಳ್ಳಿಕ್ಕೆ ಕರೀತಿದ್ದಾರೆ. ಹೋಗ್ತೇನೆ. ಒಂದು ಕುರ್ಚಿಯಲ್ಲಿ ಇಬ್ರು ಕೂರ್ಲಿಕ್ಕಾಗುದಿಲ್ಲ ಮಾಮ. ಬರೇ ಬೆದರಿಕೆ ಅಂತ ತಿಳ್ಕೋಬೇಡಿ."

ತಿಳಿದುಕೊಳ್ಳಲಿಲ್ಲ. ಅವಳ ದವಡೆ ಥೇಟು ಅಪ್ಪನದು.

ಧನಕವಡಿ, ಅಡುಗೆಮನೆಯ ಮೇಜು

ಗಾಲ್ಫ್ ತಿಳಿಯದವನು ಗಾಲ್ಫ್ ಕಲಿಸುವುದು ಹೇಗೆ ಎಂದು ಓದುಗರು ಕೇಳಬಹುದು. ಪದ್ಧತಿ ಹಳೆಯದು. ಕ್ಲಬ್ಬಿನವರು ಕೊಟ್ಟ ಪುಸ್ತಿಕೆಯನ್ನು ಮಾಸ್ತರನು ಬೆಳಿಗ್ಗೆ ಓದತಕ್ಕದ್ದು, ಮಧ್ಯಾಹ್ನ ತನಗೆ ಜನ್ಮದಿಂದ ಗೊತ್ತಿದ್ದ ಹಾಗೆ ಹೇಳತಕ್ಕದ್ದು.

ಮೊದಲ ಪದ ಪಾರ್. ಪ್ರತಿಯೊಂದು ಕುಳಿಗೂ ಇಷ್ಟು ಹೊಡೆತದಲ್ಲಿ ಚೆಂಡು ಬೀಳಬೇಕು ಎಂದು ಮೊದಲೇ ಗೊತ್ತುಪಡಿಸಿದ ಸಂಖ್ಯೆ. ಮೂರೋ ನಾಲ್ಕೋ ಐದೋ.

"ಪಾರ್ ಅಂದ್ರೆ ಎಂತ ಭಾವ?"

"ನಾಳೆ ಎಷ್ಟು ಇಡ್ಲಿ ಹೋಗ್ತದೆ ಅಂತ ಇವತ್ತೇ ಅಂದಾಜು ಮಾಡಿ ಅಕ್ಕಿ ನೆನೆ ಹಾಕುದು."

ತಪ್ಪೆಂದು ಹೇಳುವಂತಿರಲಿಲ್ಲ, ಸರಿಯೆಂದು ಒಪ್ಪಲು ಮನಸ್ಸು ಬರಲಿಲ್ಲ.

ಪಾರಿಗಿಂತ ಒಂದು ಹೊಡೆತ ಕಡಿಮೆಯಾದರೆ ಅದು ಬರ್ಡಿ, ಹಕ್ಕಿ. ಎರಡು ಕಡಿಮೆಯಾದರೆ ಈಗಲ್, ಹದ್ದು. ಹೊಡೆತ ಇಳಿದಷ್ಟೂ ಹಕ್ಕಿ ದೊಡ್ಡದಾಗುತ್ತದೆ. ಪಾರಿಗಿಂತ ಒಂದು ಹೆಚ್ಚಾದರೆ ಬೋಗಿ. ಅದು ಯಾವ ಹಕ್ಕಿಯೂ ಅಲ್ಲ. ಕಾಗೆ ಎಂದಿಟ್ಟಿದ್ದರೆ ನೆನಪಿಡಲು ಎಷ್ಟು ಅನುಕೂಲವಾಗುತ್ತಿತ್ತು! ಪಠ್ಯಪುಸ್ತಕ ಸಮಿತಿಯಲ್ಲಿ ಮಾಸ್ತರರು ಇಲ್ಲದಿದ್ದರೆ ಹೀಗೆಯೇ ಆಗುವುದು.

ಹ್ಯಾಂಡಿಕ್ಯಾಪ್ ಮಾತ್ರ ನನಗೆ ಕೂಡಲೇ ಹಿಡಿಸಿತು. ಆಟ ಬಾರದವನಿಗೆ, ಅವನ ಅಜ್ಞಾನವನ್ನು ಅಳೆದು, ಇಷ್ಟು ಹೊಡೆತ ಮಾಫಿ ಎಂದು ಕೊಡುವ ರಿಯಾಯಿತಿ. ನಮ್ಮ ಕೃಪಾಂಕ. ವ್ಯತ್ಯಾಸ ಒಂದೇ: ನಮ್ಮ ಮಕ್ಕಳು ಕೃಪಾಂಕದಲ್ಲಿ ಪಾಸಾದದ್ದನ್ನು ಮುಚ್ಚಿಡುತ್ತಿದ್ದರು, ಇಲ್ಲಿಯವರು ಪರಿಚಯವಾದ ಕೂಡಲೇ ತಮ್ಮ ಕೃಪಾಂಕ ಎಷ್ಟೆಂದು ಹೇಳಿಕೊಳ್ಳುತ್ತಾರೆ. ಈ ಪರೀಕ್ಷೆ ಪಾಸಾದರೆ ಸಿಗುವುದೂ ಅದೇ. ಫೇಲಾದವನಿಗೆ ಕೃಪಾಂಕ ಕೊಡುವುದು ಲೋಕರೂಢಿ. ಪಾಸಾದವನಿಗೆ ಮಾತ್ರ ಕೃಪಾಂಕ ಕೊಡುವ ನಾಡನ್ನು ನಾನು ಇದೊಂದೇ ಕಂಡದ್ದು.

ಮೈದಾನದ ಭೂಗೋಳವೂ ಇತ್ತು. ಚೆಂಡನ್ನು ಪುಟ್ಟ ಗೂಟದ ಮೇಲೆ ಇಟ್ಟು ಆಟ ಶುರುಮಾಡುವ ಜಾಗ ಟೀ. ಅಲ್ಲಿಂದ ಕುಳಿಯವರೆಗೆ ಹುಲ್ಲು ಕತ್ತರಿಸಿದ ದಾರಿ ಫೇರ್‌ವೇ, ಅದರ ಅಕ್ಕಪಕ್ಕದ ಕತ್ತರಿಸದ ಹುಲ್ಲು ರಫ್. ನಡುವೆ, ಮನುಷ್ಯರು ಸಂತೋಷವಾಗಿದ್ದಾರೆಂದು ಅಸೂಯೆಪಟ್ಟು ಯಾರೋ ತೋಡಿಸಿದ ಮರಳಿನ ಹೊಂಡ ಬಂಕರ್. ಕೊನೆಯಲ್ಲಿ ಕುಳಿಯ ಸುತ್ತ ಕಂಬಳಿಯಂತೆ ಬೋಳಿಸಿದ ಹುಲ್ಲು ಗ್ರೀನ್. ಗ್ರೀನಿನ ಮೇಲೆ ಚೆಂಡನ್ನು ಮೆತ್ತಗೆ ಉರುಳಿಸಿ ಕುಳಿಗೆ ಹಾಕುವುದು ಪಟ್. ಅದಕ್ಕೆ ಬಳಸುವ ಕೋಲು ಪಟರ್.

"ಗ್ರೀನು ಸಪಾಟಾಗಿ ಕಾಣ್ತದೆ, ಆದ್ರೆ ಇರುದಿಲ್ಲ ಮಾಷ್ಟ್ರೇ," ಎಂದರು ಭಾವ. ಅವರು ನನ್ನನ್ನು ಕರೆಯುವುದೇ ಹಾಗೆ. "ಹೋಟೆಲ್ ನೆಲದ ಹಾಗೆ. ತೊಳೆದ ನೀರು ಎತ್ಲಾಗಿ ಹೋಗ್ತದೆ ನೋಡಿದ್ರೆ ಗೊತ್ತಾಗ್ತದೆ, ಗಾರೆಯವ ಎಲ್ಲಿ ಮೋಸ ಮಾಡಿದ್ದಾನೆ ಅಂತ."

ಇಷ್ಟು ಹೇಳಬಲ್ಲ ಶಿಷ್ಯ ಯಾಕೆ ಫೇಲಾಗುತ್ತಾನೆ ಎಂಬ ಪ್ರಶ್ನೆ ನನಗೆ ಏಳಬೇಕಿತ್ತು. ಏಳಲಿಲ್ಲ. ಏಕೆಂದರೆ ಅವರು ಒಂದು ಹೊತ್ತು ಸರಿ ಹೇಳಿದ್ದನ್ನು ಇನ್ನೊಂದು ಹೊತ್ತು ತಪ್ಪು ಹೇಳಿ ನನ್ನ ತಲೆ ತಿನ್ನುತ್ತಿದ್ದರು. ಅದೂ ಶೈಲಾ ಮನೆಯೊಳಗೆ ಕಾಲಿಟ್ಟಳೆಂದರೆ ಮುಗಿಯಿತು: ಬಂಕರು ಯಾವುದು, ಗ್ರೀನು ಯಾವುದು, ಎಲ್ಲ ಕಲಸುಮೇಲೋಗರ.

"ಪಾರಿಗಿಂತ ಒಂದು ಹೆಚ್ಚಾದ್ರೆ ಎಂತ ಭಾವ?"

"ಹದ್ದು."

"ಬೆಳಿಗ್ಗೆ ಸರಿ ಹೇಳಿದ್ರಲ್ಲ!"

"ಬೆಳಿಗ್ಗೆ ಹೊಟ್ಟೆ ಖಾಲಿ ಇತ್ತು."

ಶೈಲಾ ಚಪ್ಪಲಿ ಮೆಟ್ಟಿ ಹೋಟೆಲಿಗೆ ಹೋಗುತ್ತಿದ್ದಳು. ಶಾರದಕ್ಕ ಒಗ್ಗರಣೆ ಸೌಟಿನಿಂದಲೇ ನನ್ನ ಕಡೆ ತೋರಿಸಿ, "ನೀನು ಸರಿಯಾಗಿ ಹೇಳ್ಕೊಡ್ತಾ ಇಲ್ಲ," ಎನ್ನುತ್ತಿದ್ದಳು. ಪೋಷಕರ ಈ ಮಾತನ್ನು ಹಿಂದೆ ಶಾಲೆಯ ಜಗಲಿಯಲ್ಲಿ ಕೇಳುತ್ತಿದ್ದೆ. ಅಲ್ಲಿ ಕೊನೇಪಕ್ಷ ಸಂಬಳವಿತ್ತು.

ಸಾಸವಡ ರಸ್ತೆ

ಆಟದ ಭಾಗಕ್ಕೆ ಬೇರೆ ಗುರುಗಳಿದ್ದರು. ಸಾಸವಡದ ರಸ್ತೆಯಲ್ಲಿ, ದಿಬ್ಬ ಹತ್ತುವ ಮೊದಲು, ಎತ್ತರದ ಬಲೆ ಕಟ್ಟಿದ ಒಂದು ಅಭ್ಯಾಸದ ಬಯಲು. ಅದರ ತರಬೇತುದಾರ ಮಲ್ಲಣ್ಣ, ವಿಜಯಪುರದ ಕಡೆಯವರು, ಪುಣೆಯಲ್ಲೇ ಬೆಳೆದವರು. ಫೋನಿನಲ್ಲಿ ಮರಾಠಿ, ಶಿಷ್ಯರಿಗೆ ಇಂಗ್ಲಿಷು, ಸಿಟ್ಟು ಬಂದಾಗ ಕನ್ನಡ. ಹಾಗಾಗಿ ನಮಗೆ ಕನ್ನಡವೇ ಹೆಚ್ಚು ಸಿಕ್ಕಿತು.

"ಬರ್ರಿ ಬರ್ರಿ, ಸದಾಶಿವರಾಯರ! ಮೂರನೇ ಸಲ? ಈ ಸಲ ವಕೀಲರನ್ನ ಕರ್ಕೊಂಡ ಬಂದೀರೇನು?"

"ವಕೀಲರಲ್ಲ, ನನ್ನ ಹೆಂಡತಿಯ ತಮ್ಮ. ಮಾಷ್ಟ್ರು."

"ಹೌದ್ರಿ? ಮಾಸ್ತರ, ಭಾಳ ಛಲೋ ಆತು. ಪಾಠ ಹೇಳೋರು ಒಂದ್ಸಲ ಆಡಿ ನೋಡಬೇಕು. ಹಿಡೀರಿ ಇದನ್ನ."

ಬೇಡವೆನ್ನುವಷ್ಟರಲ್ಲಿ ನನ್ನ ಕೈಯಲ್ಲಿ ಕಬ್ಬಿಣದ ಕೋಲಿತ್ತು. ಕಬ್ಬಿಣದವಕ್ಕೆ ನಂಬರು ಕೊಟ್ಟಿದ್ದಾರೆ. ನಂಬರು ಹೆಚ್ಚಾದಷ್ಟೂ ಚೆಂಡು ಎತ್ತರ ಹೋಗಿ ಹತ್ತಿರ ಬೀಳುತ್ತದೆ. ಮರ ಎಂಬ ಹೆಸರಿನ ಲೋಹದವು ದೂರಕ್ಕೆ. ನಾನು ಪುಸ್ತಿಕೆಯಲ್ಲಿದ್ದಂತೆ ಕಾಲಗಲಿಸಿ, ಮೊಣಕಾಲು ಬಾಗಿಸಿ, ಚೆಂಡಿನ ಮೇಲೆ ಕಣ್ಣಿಟ್ಟು ಬೀಸಿದೆ. ಏನೋ ಹಾರಿತು. ನೋಡಲು ಸುಂದರವಾಗಿಯೇ ಹಾರಿತು.

"ಮಾಸ್ತರ," ಎಂದರು ಮಲ್ಲಣ್ಣ, "ಚೆಂಡ ಇಲ್ಲೇ ಅದ. ಭೂಮಿ ಹೋತು ನೋಡ್ರಿ."

ಹಾಗೆ ಕಿತ್ತುಹೋದ ಹುಲ್ಲಿನ ಹೆಂಟೆಗೆ ಡಿವಟ್ ಎಂದು ಹೆಸರು. ಕಿತ್ತವನೇ ಹೋಗಿ ತಂದು, ಕಿತ್ತಲ್ಲೇ ಇಟ್ಟು, ಕಾಲಿನಿಂದ ಒತ್ತಬೇಕು. ನನ್ನದನ್ನು ತರಲು ಸಾಕಷ್ಟು ದೂರ ನಡೆಯಬೇಕಾಯಿತು. ದಾರಿಯಲ್ಲಿ ಹಿಂದಿನಿಂದ "ಫೋರ್!" ಎಂದು ಯಾರೋ ಕೂಗಿದರು. ಯಾರನ್ನು ಕರೆಯುತ್ತಿದ್ದಾರೆಂದು ತಿರುಗಿ ನೋಡಿದೆ. ಚೆಂಡು ನನ್ನ ಕಿವಿಯ ಪಕ್ಕದಲ್ಲಿ ಹೋಯಿತು. ಫೋರ್ ಎಂದರೆ ಚೆಂಡು ಬರುತ್ತಿದೆ, ತಲೆ ತಗ್ಗಿಸು ಎಂದರ್ಥ. ಪುಸ್ತಿಕೆಯಲ್ಲಿ ಅದನ್ನು ಕೊನೆಯ ಪುಟದಲ್ಲಿ ಹಾಕಿದ್ದರು. ನಾನು ಅಲ್ಲಿಯವರೆಗೆ ತಲುಪಿರಲಿಲ್ಲ.

ಬಯಲಿನ ಅಂಚಿನಲ್ಲಿ ಚಹಾ ಕುಡಿಯುತ್ತ ನನ್ನ ಯೋಜನೆ ಹೇಳಿದೆ. ಪರೀಕ್ಷೆಯ ದಿನ ನಾನು ಸ್ವಲ್ಪ ದೂರದಲ್ಲಿ ನಡೆಯುತ್ತೇನೆ. ಭಾವ ತಡವರಿಸಿದರೆ ಕೆಮ್ಮುತ್ತೇನೆ. ಒಂದು ಕೆಮ್ಮಿಗೆ ಒಂದು ಅರ್ಥ.

ಮಲ್ಲಣ್ಣ ಬಟ್ಟಲು ಕೆಳಗಿಟ್ಟರು. "ಅಯ್ಯಯ್ಯ, ಹಂಗ ಮಾಡಬ್ಯಾಡ್ರಿ! ಆಡೋರು ಹೊರಗಿನವರನ್ನ ಸಲಹೆ ಕೇಳಿದ್ರ ಎರಡು ಹೊಡೆತ ದಂಡ. ಕೇಳೋ ಹಕ್ಕು ಒಬ್ಬನ ಹತ್ರನ ಅದ, ಚೀಲ ಹೊರೋವನ ಹತ್ರ. ಕ್ಯಾಡಿ. ಅವ ಏನ್ ಬೇಕಾದ್ರೂ ಹೇಳಬಹುದು, ಕಿವಿಯಾಗೂ ಹೇಳಬಹುದು."

ನಾನು ಸೇವೆಯುದ್ದಕ್ಕೂ ಕಾಪಿ ಹೊಡೆಯುವವರನ್ನು ಹಿಡಿದವನು. ಕಿಟಕಿಯ ಹೊರಗೆ ನಿಂತು ಉತ್ತರ ಪಿಸುಗುಟ್ಟಿದ ಅಣ್ಣಂದಿರನ್ನೂ ಚಿಕ್ಕಪ್ಪಂದಿರನ್ನೂ ಗದ್ದೆಯವರೆಗೆ ಓಡಿಸಿದವನು. ಈಗ, ಈ ನಾಡಿನ ಕಾನೂನಿನಂತೆ, ಚೀಲ ಹೊತ್ತರೆ ಪಿಸುಗುಟ್ಟಬಹುದು. ಹೊರದಿದ್ದರೆ ಅಪರಾಧ.

ಭಾವ ನನ್ನ ಮುಖ ನೋಡಿದರು. ನಾನು ಭಾವನ ಚೀಲ ನೋಡಿದೆ. ನನ್ನ ಎದೆಯೆತ್ತರಕ್ಕಿತ್ತು.

"ಹೊರ್ತೀರಾ ಮಾಷ್ಟ್ರೇ? ಬೇಡ ಬಿಡಿ. ನಿಮ್ಮ ಗೌರವ ಹಾಳಾಗ್ತದೆ."

ಆ 'ಬಿಡಿ'ಯಲ್ಲಿ ಸ್ವಲ್ಪ ಆಸೆ ಇದ್ದ ಹಾಗೆ ಕೇಳಿಸಿತು. ನನಗೆ ರೇಗಿತು. ಹೊರುತ್ತೇನೆ ಎಂದೆ.

ತಳೇಗಾಂವದ ಆಚೆ

ಕ್ಲಬ್ಬಿಗೆ ಹೋಗುವ ದಾರಿ ಕಾರ್ಖಾನೆಗಳ ನಡುವೆ. ರಾತ್ರಿ ಪಾಳಿ ಮುಗಿಸಿದವರು ಗೇಟಿನ ಎದುರು ನಿಂತು, ಸೇವು ಉದುರಿಸಿದ ಅವಲಕ್ಕಿ ತಿನ್ನುತ್ತಿದ್ದರು. ನಮ್ಮ ಕಡೆ ಅವಲಕ್ಕಿಯನ್ನು ಇಷ್ಟು ಗಂಭೀರವಾಗಿ ಯಾರೂ ತೆಗೆದುಕೊಳ್ಳುವುದಿಲ್ಲ. ಭಾವ ಕಾರಿನ ಕಿಟಕಿಯಿಂದ ಬಾಣಲೆಯನ್ನು ನೋಡಿ, "ಎಣ್ಣೆ ಹಳೇದು," ಎಂದರು. ಆ ಬೆಳಿಗ್ಗೆ ಅವರು ಆಡಿದ ಮೊದಲ ಮಾತು.

ಗೇಟಿನಲ್ಲಿ ನನ್ನನ್ನು ತಡೆದರು. ನಾನು ಪಂಚೆ ಉಟ್ಟು ಖಾದಿ ಜುಬ್ಬಾ ತೊಟ್ಟಿದ್ದೆ. ಪಂಚೆ ಸಲ್ಲದು, ಜುಬ್ಬಾಕ್ಕೆ ಕಾಲರ್ ಇಲ್ಲ, ಅದೂ ಸಲ್ಲದು. ಸಭ್ಯತೆ ಕುತ್ತಿಗೆಯ ಹಿಂದಿರುತ್ತದೆ ಎಂದು ಆ ನಾಡಿನ ನಂಬಿಕೆ. ಭಾವನ ಬ್ಯಾಗಿನಲ್ಲಿದ್ದ ಇನ್ನೊಂದು ಜೊತೆ ಬಟ್ಟೆ ತೊಟ್ಟೆ. ಭಾವನ ಸುತ್ತಳತೆ ನನ್ನ ದೇಹಕ್ಕೆ ಒಂದೂವರೆ ಸಲ ಆಗುತ್ತದೆ. ಒಂದು ಕೈಯಲ್ಲಿ ಪ್ಯಾಂಟು ಹಿಡಿದು, ಇನ್ನೊಂದು ಹೆಗಲಿಗೆ ಚೀಲ ಏರಿಸಿ, ಕುಂದಾಪುರದ ಯಾವ ಹಳೆ ವಿದ್ಯಾರ್ಥಿಯೂ ಪುಣೆಯಲ್ಲಿ ಕೆಲಸಕ್ಕೆ ಬಾರದಿರಲಿ ಎಂದು ಪ್ರಾರ್ಥಿಸುತ್ತ ಹೊರಟೆ.

ಪರೀಕ್ಷಕಿ ಪ್ರಧಾನ್ ಬಾಯಿ. ತೆಳ್ಳಗೆ, ನೆಟ್ಟಗೆ, ಬಿಸಿಲಿಗೆ ಒಣಗಿಸಿದ ಸಂಡಿಗೆಯ ಹಾಗೆ. ಅವರ ಮರಾಠಿಯನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ. ದಾಟುವಾಗ ಖಾರ ಸ್ವಲ್ಪ ಚೆಲ್ಲಿದೆ.

"ಇವರು ಯಾರು?"

"ನನ್ನ ಕ್ಯಾಡಿ. ಹೆಂಡತಿಯ ತಮ್ಮ."

"ಮೇಹುಣಾ?" ಬಾಯಿ ನನ್ನ ಪ್ಯಾಂಟನ್ನೂ ನನ್ನನ್ನೂ ಒಮ್ಮೆ ನೋಡಿದರು. "ಒಳ್ಳೆಯದು. ನನ್ನ ತಮ್ಮ ನನ್ನ ಮನೆಯವರ ಚೀಲ ಬಿಡಿ, ಫೋನೂ ಎತ್ತುವುದಿಲ್ಲ. ಇವತ್ತು ನನ್ನ ಚೆಂಡನ್ನು ಒರೆಸುತ್ತೀರಾ ಸದಾಶಿವರಾವ್?"

"ಇಲ್ಲ."

"ದೇವರು ದೊಡ್ಡವನು. ಪ್ರಶ್ನೆ ಶುರು."

ಬಾಯಿಪಾಠ ಮರದ ನೆರಳಿನಲ್ಲಿ. ಟೀ, ಫೇರ್‌ವೇ, ಬೋಗಿ, ಹ್ಯಾಂಡಿಕ್ಯಾಪ್. ಪ್ರತಿ ಪ್ರಶ್ನೆಗೂ ನಾನು ಚೀಲದ ಹಿಂದಿನಿಂದ ಪಿಸುಗುಟ್ಟಲು ಬಾಯಿ ತೆರೆದೆ; ಆ ಮೊದಲೇ ಭಾವ ಉತ್ತರ ಹೇಳಿಬಿಡುತ್ತಿದ್ದರು. ಕೊನೆಗೆ ಬಾಯಿ, ಗ್ರೀನಿನ ಮೇಲಿಂದ ಪಟ್ ಮಾಡಿದ ಚೆಂಡು ಅಲ್ಲೇ ನಿಂತಿದ್ದ ಇನ್ನೊಬ್ಬರ ಚೆಂಡಿಗೆ ಬಡಿದರೆ ಏನು ಎಂದು ಕೇಳಿದರು. ಅದನ್ನು ನಾನು ಪಾಠ ಮಾಡಿರಲಿಲ್ಲ. ಪುಸ್ತಿಕೆಯ ಆ ಪುಟದ ಮೇಲೆ ಶಾರದಕ್ಕನ ಹುಳಿ ಬಿದ್ದು ಅಂಟಿಕೊಂಡಿತ್ತು.

"ಹೊಡೆದವನಿಗೆ ಎರಡು ಹೊಡೆತ ದಂಡ. ಅವನ ಚೆಂಡನ್ನು ನಿಂತಲ್ಲಿಂದಲೇ ಆಡಬೇಕು. ಇನ್ನೊಬ್ಬರದನ್ನು ಮೊದಲಿದ್ದಲ್ಲೇ ವಾಪಸ್ ಇಡಬೇಕು," ಎಂದರು ಭಾವ, ತಿಂಡಿಯ ದರ ಹೇಳುವ ಹಾಗೆ.

ಬಾಯಿ ತಲೆಯಾಡಿಸಿದರು. ನಾನು ಶಿಷ್ಯನ ಬೆನ್ನು ನೋಡುತ್ತ ನಿಂತೆ. ನನ್ನ ವೃತ್ತಿಜೀವನದಲ್ಲಿ ಹೇಳಿಕೊಡದ್ದನ್ನು ಸರಿಯಾಗಿ ಬರೆದವರೆಲ್ಲ ಪಕ್ಕದವನದ್ದನ್ನು ನೋಡಿ ಬರೆದವರು. ಇಲ್ಲಿ ಪಕ್ಕದಲ್ಲಿದ್ದವನು ನಾನೊಬ್ಬನೇ.

ಆಮೇಲೆ ಆಟ. ಒಂಬತ್ತು ಕುಳಿ, ಒಟ್ಟು ಲೆಕ್ಕದಲ್ಲಿ ಕುಳಿಗೆ ಎರಡರಂತೆ ಪಾರಿಗಿಂತ ಹೆಚ್ಚು ಹೊಡೆತಕ್ಕೆ ಅವಕಾಶ. ಅದನ್ನು ಮೀರಿದರೆ ಫೇಲು. ವಿವರಕ್ಕೆ ಹೋಗುವುದಿಲ್ಲ. ಭಾವ ರಫ್ಫಿಗೆ ಹೋದರು, ಬಂಕರಿಗೆ ಇಳಿದರು, ಹತ್ತಿದರು. ಬಂಕರಿನಿಂದ ಹೊರಡುವ ಮೊದಲು ನಮ್ಮ ಹೆಜ್ಜೆ ಗುರುತನ್ನು ಕುಂಟೆಯಿಂದ ಎಳೆದು ಅಳಿಸಬೇಕು. ಅದು ಕ್ಯಾಡಿಯ ಪಾಲು. ಎಳೆಯಲು ಎರಡೂ ಕೈ ಬೇಕು. ಪ್ಯಾಂಟಿಗೆ ಒಂದು ಕೈ ಬೇಕು. ಪ್ರಧಾನ್ ಬಾಯಿ ಸಜ್ಜನರು, ಬೆಟ್ಟದ ಕಡೆ ನೋಡುತ್ತ ನಿಂತರು.

ಕೊನೆಯ ಕುಳಿ

ಕೊನೆಯ ಗ್ರೀನಿಗೆ ಬಂದಾಗ ಅವಕಾಶದಲ್ಲಿ ಉಳಿದದ್ದು ಒಂದೇ ಹೊಡೆತ. ಚೆಂಡಿಗೂ ಕುಳಿಗೂ ನಡುವೆ ಒಂದು ಊಟದೆಲೆಯಷ್ಟು ಉದ್ದ. ಬಿದ್ದರೆ ಪಾಸು.

ಭಾವ ಕುಕ್ಕರುಗಾಲಿನಲ್ಲಿ ಕೂತರು. ಆ ಕಡೆಯಿಂದ ನೋಡಿದರು, ಈ ಕಡೆಯಿಂದ ನೋಡಿದರು. ಮತ್ತೆ ಕೂತರು. ಆಮೇಲೆ ನನ್ನನ್ನು ಹತ್ತಿರ ಕರೆದರು.

"ಕ್ಯಾಡಿ ಹತ್ರ ಎಂತ ಬೇಕಾದ್ರೂ ಕೇಳ್ಬಹುದಲ್ವಾ ಮಾಷ್ಟ್ರೇ?"

"ಕೇಳ್ಬಹುದು. ಎಡಕ್ಕೆ ಸ್ವಲ್ಪ ಇಳಿಜಾರು ಉಂಟು ಅಂತ ನಂಗೆ ಕಾಣ್ತದೆ."

"ಅದು ನಂಗೆ ಬಂದ ಕೂಡ್ಲೇ ಗೊತ್ತಾಗಿದೆ." ಅವರು ಹುಲ್ಲಿನ ಮೇಲೆ ಅಂಗೈ ಇಟ್ಟುಕೊಂಡೇ ಇದ್ದರು. "ಇದು ಒಳಗೆ ಬಿದ್ರೆ, ನಾಳೆ ಬೆಳಿಗ್ಗೆ ಎದ್ದು ನಾನು ಎಲ್ಲಿಗೆ ಹೋಗುದು?"

ನಾನು ಚೀಲ ಕೆಳಗಿಟ್ಟೆ. ಗಿರಾಕಿ ಇನ್ನೊಂದು ಬಟ್ಟಲು ಸಾಂಬಾರು ಕೇಳಿದರೆ ಕೆರಳುವ ಮನುಷ್ಯ ಇವರು. ಮದುವೆಯ ಮನೆಯಲ್ಲಿಯೂ ಬೀಗರಿಗೆ 'ನೀವು ಮೊದಲು' ಎನ್ನದವರು. ಇಷ್ಟೊಂದು ಉಪಚಾರ, ಕೆಸರಿನ ಚೆಂಡನ್ನು ಒರೆಸಿ ಎರಡು ಕೈಯಲ್ಲಿ ಕೊಡುವಷ್ಟು, ಇವರಿಗೆ ಎಲ್ಲಿಂದ ಬಂತು ಎಂದು ನಾನೂ ಕೇಳಿರಲಿಲ್ಲ, ಮನೆಯವರೂ ಕೇಳಿರಲಿಲ್ಲ.

"ಎರಡು ಸಲವೂ ಬೇಕಂತ್ಲೇ ಫೇಲಾದದ್ದಾ ಭಾವ?"

"ಒಂದು ಸಲ. ಮೊದಲ್ನೇ ಸಲ ಎಂತ ಮಾಡುದಂತ ನಿಜವಾಗಿ ಗೊತ್ತಿರ್ಲಿಲ್ಲ, ಅವರನ್ನು ನೋಡಿ ಹೊಡೆಯುವ ಅಂತ ಮುಂದೆ ಬಿಟ್ಟದ್ದು."

ಸಿಟ್ಟು ಬಂತು. ಹದ್ದು, ಬೋಗಿ, ಪ್ಯಾಂಟು, ಕುಂಟೆ, ಎಲ್ಲ ಸೇರಿ ಬಂತು. ಆದರೆ ಗ್ರೀನಿನ ಮೇಲೆ ದನಿ ಎತ್ತುವಂತಿಲ್ಲ. ಹಲ್ಲು ಕಚ್ಚಿ ಪಿಸುಗುಟ್ಟಿದೆ.

"ಇಲ್ಲಿಗೇ ಬನ್ನಿ."

"ಇಲ್ಲಿ ನಂಗೆ ಯಾರುಂಟು?"

"ಅಲ್ಲಿ ಯಾರು ಉಳೀತಾರೆ? ಶೈಲಾ ನಾಶಿಕಕ್ಕೆ ಹೋಗ್ತಾಳೆ. ಅವಳು ಹೇಳಿದ್ದು ಸುಳ್ಳಲ್ಲ. ಅವಳ ಮುಖ ನಾನು ನೋಡಿದ್ದೇನೆ, ನಿಮ್ಮದೇ ಮುಖ. ನೀವು ಊರು ಬಿಟ್ಟ ದಿನ ಎಲ್ರೂ ಬೇಡ ಅಂದಿದ್ರಂತೆ. ನಿಂತ್ರಾ?"

ಭಾವ ಕುಳಿಯ ಕಡೆ ನೋಡಿದರು.

"ಅವಳು ಹೋದ ಮೇಲೆ ಕುರ್ಚಿ ನಿಮ್ಮದೇ. ಕೂತ್ಕೊಂಡು ಯಾರ ಮಾತನ್ನು ಅಳಿಸ್ತೀರಿ?"

"ಅಲ್ಲೇನು ಪಂಚಾಯಿತಿ ನಡೀತಿದೆ?" ಎಂದು ಪ್ರಧಾನ್ ಬಾಯಿ ಧ್ವಜದ ಕಂಬ ಹಿಡಿದು ಕೇಳಿದರು. "ಕ್ಯಾಡಿ ಜೊತೆ ಮಾತಾಡಬಹುದು ಅಂತ ನಿಯಮವಿದೆ. ಸಂಸಾರ ಮಾಡಬಹುದು ಅಂತಿಲ್ಲ!"

"'ಹೊಡೀರಿ' ಅಂತ ನೀವೇ ಹೇಳಿ ಮಾಷ್ಟ್ರೇ."

"ಅದನ್ನು ಹೇಳುದಿಲ್ಲ. ಹೊಡೆಯುವವರು ನೀವು."

ಅವರು ಎದ್ದುನಿಂತರು. ಮಂಡಿ ಲಟಕ್ ಎಂದಿತು. ಪಟರನ್ನು ಹಿಡಿದು, ಬಲಕ್ಕೆ ತುಸು ಹೆಚ್ಚಾಗಿ, ಅವಸರವಿಲ್ಲದೆ ಮುಟ್ಟಿಸಿದರು. ಚೆಂಡು ಬಲಕ್ಕೇ ಹೊರಟಿತು, ತಪ್ಪಿತು ಎಂದುಕೊಂಡೆ. ಕುಳಿಯ ಹತ್ತಿರ ಬಂದು ತನ್ನಷ್ಟಕ್ಕೆ ಎಡಕ್ಕೆ ಬಾಗಿ, ಅಂಚಿನಲ್ಲಿ ಒಮ್ಮೆ ಸುತ್ತಿ ಒಳಗಿಳಿಯಿತು. ಖಾಲಿ ಲೋಟಕ್ಕೆ ಚಮಚ ಬಿದ್ದಂಥ ಸದ್ದು.

"ಪಾಸ್," ಎಂದು ಬಾಯಿ ಕೈಕುಲುಕಿದರು. "ಹ್ಯಾಂಡಿಕ್ಯಾಪ್ ಆಫೀಸಿನಲ್ಲಿ ಬರೆಸಿ. ಸೋಮವಾರ ನಮ್ಮ ಗುಂಪಿನಲ್ಲಿ ಒಬ್ಬರು ಕಡಿಮೆ ಇದ್ದಾರೆ. ಬರುವುದಾದರೆ ಬನ್ನಿ, ಆದರೆ ಯಾರಿಗೂ ಉಪಚಾರ ಮಾಡಬೇಡಿ."

ಭಾವ ಕುಳಿಗೆ ಕೈಹಾಕಿ ಚೆಂಡು ತೆಗೆದರು. ಜೇಬಿಗೆ ಹಾಕಿಕೊಳ್ಳಲಿಲ್ಲ, ಎಲ್ಲಿಡುವುದೆಂದು ಗೊತ್ತಾಗದವರ ಹಾಗೆ ಕೈಯಲ್ಲೇ ಹಿಡಿದು ನಡೆದರು. ಚೀಲ ನಾನೇ ಹೊತ್ತೆ. ಪರೀಕ್ಷೆ ಮುಗಿದಿದ್ದರೂ ಯಾರೂ ಬೇಡವೆನ್ನಲಿಲ್ಲ.

ಮತ್ತೆ ಧನಕವಡಿ

ಕಾರಿನಿಂದ ಶೈಲಾಗೆ ಫೋನು ಮಾಡಿ, ಪಾಸು ಎಂದೆ. ಆ ಕಡೆ ಕಪ್ಪುಬಸಿಗಳ ಸದ್ದು ಮಾತ್ರ. "ಹ್ಞಾಂ. ಆಯ್ತು ಮಾಮ," ಎಂದು ಇಟ್ಟಳು.

ಮನೆಗೆ ಹೋಗೋಣವೆಂದರೆ ಭಾವ ಹೋಟೆಲಿನ ಎದುರೇ ಕಾರು ನಿಲ್ಲಿಸಲು ಡ್ರೈವರಿಗೆ ಹೇಳಿದರು. ಅವರು ಯಾವಾಗಲೂ ಹೋಗುತ್ತಿದ್ದದ್ದು ಹಿತ್ತಲ ಬಾಗಿಲಿನಿಂದ, ಅಡುಗೆಮನೆ ದಾಟಿ. ಈಗ ಮುಂದಿನ ಮೆಟ್ಟಿಲು ಹತ್ತಿದರು. ಗಲ್ಲಾದ ಕುರ್ಚಿಯಲ್ಲಿ ಶೈಲಾ ಇದ್ದಳು. ಅಪ್ಪನನ್ನು ಕಂಡಳು, ಏಳಲಿಲ್ಲ. ಅವರು ಅವಳನ್ನು ದಾಟಿ, ಬೇಸಿನ್ನಿನಲ್ಲಿ ಕೈ ತೊಳೆದು, ಫ್ಯಾನಿನ ಕೆಳಗಿನ ಮೇಜಿನಲ್ಲಿ ಕಾಲೇಜಿನ ಮಕ್ಕಳ ಪಕ್ಕ ಕೂತರು. ನಾನೂ ಕೂತೆ.

ಸಪ್ಲೈಯರ್ ಕೃಷ್ಣಣ್ಣ, ಹೋಟೆಲು ಶುರುವಾದಂದಿನಿಂದ ಇದ್ದವರು, ನೀರಿನ ಲೋಟ ಹಿಡಿದು ಓಡಿಬಂದು ಅಲ್ಲೇ ನಿಂತುಬಿಟ್ಟರು.

"ಸ್ವಾಮೀ, ಒಳಗೆ ಬರುದಿಲ್ವಾ?"

"ಇಲ್ಲ. ಏನುಂಟು ಕೃಷ್ಣ?"

ಆ ಹೋಟೆಲಿನಲ್ಲಿ ಏನುಂಟು ಎಂದು ಭಾವ ಯಾರನ್ನಾದರೂ ಕೇಳಿದ್ದು ಅದೇ ಮೊದಲು. ಕೃಷ್ಣಣ್ಣ ಲೋಟವನ್ನು ಮೇಜಿನ ಮೇಲಿಟ್ಟರು. ಗಲ್ಲಾದ ಕಡೆ ನೋಡಿದರು. ಶೈಲಾ ಒಬ್ಬ ಹುಡುಗಿಗೆ ಚಿಲ್ಲರೆ ಕೊಡುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು.

"ಗಿರಾಕಿ ಕೇಳ್ತಿದ್ದಾರಲ್ಲ ಕೃಷ್ಣಣ್ಣ. ಹೇಳಿ."

ಕೃಷ್ಣಣ್ಣ ಒಮ್ಮೆ ಉಸಿರೆಳೆದುಕೊಂಡು ಶುರುಮಾಡಿದರು. "ಇಡ್ಲಿ, ವಡೆ, ಇಡ್ಲಿವಡೆ, ಸಾದಾ, ಮಸಾಲೆ, ಸೆಟ್ಟು, ನೀರ್ದೋಸೆ, ಬನ್ಸು, ಉಪ್ಪಿಟ್ಟು, ಶೀರಾ, ಅವಲಕ್ಕಿ, ಸಾಬೂದಾಣಿ..." ಭಾವ ಕಣ್ಣು ಮುಚ್ಚಿ, ನಡುವೆ ಬಾಯಿ ಹಾಕದೆ, ಕೊನೆಯ ಕಾಫಿ ಚಹಾದವರೆಗೆ ಪೂರ್ತಿ ಕೇಳಿದರು.

"ಗೋಳಿಬಜೆ?"

"ಅದು..." ಕೃಷ್ಣಣ್ಣನ ದನಿ ಇಳಿಯಿತು. "ಅದು ಈಗ ಸಂಜೆಗೆ ಮಾತ್ರ ಸ್ವಾಮಿ. ಶೈಲಕ್ಕ ಬದಲು ಮಾಡಿದ್ದು."

ಗಲ್ಲಾದಲ್ಲಿ ಚಿಲ್ಲರೆಯ ಸದ್ದು ನಿಂತಿತು. ನಾನು ಮೇಜಿನ ಅಂಚು ಹಿಡಿದುಕೊಂಡೆ. ಭಾವ ಕಣ್ಣು ತೆರೆದು ಮಗಳನ್ನು ನೋಡಿದರು. ಅವಳೂ ಈಗ ತಲೆ ಎತ್ತಿದ್ದಳು.

"ಆಯ್ತು," ಎಂದರು ಭಾವ, ಕುರ್ಚಿಗೆ ಬೆನ್ನು ಕೊಟ್ಟು. "ಕಾಯ್ತೇನೆ."